ಹಿಂದೆ ಎಂಜಿನ್, ಮುಂದೆ ಮುಳ್ಳು: ಮರಳುಬಗ್ಗಿಗೆ ಗೇಜ್‌ಗಳನ್ನು ಆರಿಸಿ ಕೂರಿಸಿದ ನನ್ನ ಅನುಭವ

ನನ್ನ ಬಗ್ಗಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ತಳವನ್ನು ಗಿಡ್ಡ ಮಾಡಿ, ಅದರ ಮೇಲೆ ಫೈಬರ್‌ಗ್ಲಾಸ್ ಬಾಡಿ ಕೂರಿಸಿದ ಗಾಡಿ. ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ 1964ರಲ್ಲಿ ಮೇಯರ್ಸ್ ಮ್ಯಾಂಕ್ಸ್ ಎಂಬ ತನ್ನ ಮೊದಲ ಮರಳುಬಗ್ಗಿ ಕಟ್ಟಿದಂದಿನಿಂದ ಈ ಬಗೆಯ ಬಗ್ಗಿಗಳು ಇಲ್ಲಿ ಓಡುತ್ತಿವೆ. ಎಂಜಿನ್ 1970ರ ಬೀಟಲ್‌ನದು: 1600 ಸಿಸಿ, ನಾಲ್ಕು ಸಿಲಿಂಡರ್, ಗಾಳಿಯಿಂದ ತಣಿಯುವಂಥದ್ದು. ಸ್ಯಾನ್ ಡಿಯೇಗೊದಲ್ಲಿರುವ ನಾನು ಚಳಿಗಾಲ ಬಂತೆಂದರೆ ಅದನ್ನು ಗ್ಲಾಮಿಸ್ ಬಳಿಯ ಇಂಪೀರಿಯಲ್ ಮರಳುದಿಬ್ಬಗಳಿಗೆ ಒಯ್ಯುತ್ತೇನೆ. ಕಾರಿನೊಂದಿಗೆ ಬಂದಿದ್ದ ಸ್ಪೀಡೋಮೀಟರ್ ಮತ್ತು ಎರಡು ಎಚ್ಚರಿಕೆ ದೀಪಗಳು ಡಾಂಬರು ರಸ್ತೆಗೆ ಸಾಕಾಗಿರಬಹುದು. ದಿಬ್ಬ ಹತ್ತುವ ಗಾಡಿಗೆ ಸಾಲವು.

ಯಾವ ಗೇಜ್ (ಮುಳ್ಳಿನಿಂದ ಅಳತೆ ತೋರಿಸುವ ಮೀಟರ್) ಬೇಕೆಂದು ತೀರ್ಮಾನಿಸುವ ಮೊದಲು ನಾನು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಈ ಎಂಜಿನ್ ಯಾವ ಯಾವ ಕಾರಣಕ್ಕೆ ಕೆಡುತ್ತದೆ? ಇದರಲ್ಲಿ ನೀರಿಲ್ಲ, ರೇಡಿಯೇಟರ್ ಇಲ್ಲ. ಫ್ಯಾನಿನ ಗಾಳಿ ಮತ್ತು ಸುಮಾರು ಎರಡೂವರೆ ಲೀಟರ್ ಆಯಿಲ್, ಇವೆರಡೇ ಶಾಖವನ್ನು ಹೊರಗೊಯ್ಯಬೇಕು. ಹಾಗಾಗಿ ಆಯಿಲ್ ಪ್ರೆಷರ್, ಆಯಿಲ್ ಬಿಸಿ, ಸಿಲಿಂಡರ್ ಹೆಡ್ಡಿನ (ಸಿಲಿಂಡರನ್ನು ಮುಚ್ಚುವ ತಲೆಭಾಗದ) ಬಿಸಿ ಎಂಬ ಮೂರನ್ನು ಮೊದಲ ಸಾಲಿಗೆ ಇಟ್ಟೆ; ಅವುಗಳ ಜೊತೆಗೆ ವೋಲ್ಟ್‌ಮೀಟರ್ ಮತ್ತು ಆರ್‌ಪಿಎಂ ಮೀಟರ್. ಊರ ಕಡೆ ಜೀಪ್ ಅಥವಾ ಜಿಪ್ಸಿಯಲ್ಲಿ ಕಾಡುದಾರಿ ಹಿಡಿಯುವವರಿಗೆ ನೀರಿನ ಬಿಸಿಯೇ ಮೊದಲಾಗಬೇಕು.

ಆಯಿಲ್ ಬಿಸಿ ಮತ್ತು ಹೆಡ್ಡಿನ ಬಿಸಿ ಎರಡೂ ಏಕೆ ಬೇಕು ಎಂದು ಗೆಳೆಯರು ಕೇಳುವುದುಂಟು. ಆಯಿಲ್ ಬಿಸಿಯ ಮುಳ್ಳು ನಿಧಾನವಾಗಿ, ನಿಮಿಷಗಳ ಲೆಕ್ಕದಲ್ಲಿ ಏರುತ್ತದೆ. ಎಂಜಿನ್ ಒಟ್ಟಾರೆ ಎಷ್ಟು ದಣಿದಿದೆ ಎಂಬುದನ್ನು ಅದು ಹೇಳುತ್ತದೆ. ಹೆಡ್ಡಿನ ಮುಳ್ಳು ಕಾಲಿನ ಒತ್ತಡಕ್ಕೆ ಸೆಕೆಂಡುಗಳಲ್ಲೇ ಉತ್ತರ ಕೊಡುತ್ತದೆ. ಫ್ಯಾನ್ ತಿರುಗುವುದು ಎಂಜಿನ್‌ನ ಬೆಲ್ಟಿನಿಂದ. ಆದುದರಿಂದ ಮೆತ್ತನೆಯ ಮರಳಿನಲ್ಲಿ ಮೇಲಿನ ಗೇರಿನಲ್ಲೇ ಉಳಿದು, ಕಡಿಮೆ ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೆ, ಶಾಖ ಹೆಚ್ಚುತ್ತದೆ, ಗಾಳಿ ಮಾತ್ರ ಹೆಚ್ಚುವುದಿಲ್ಲ. ಗೇರ್ ಇಳಿಸಿದ ಕೂಡಲೇ ಮುಳ್ಳು ಹಿಂದೆ ಸರಿಯುವುದನ್ನು ಕಣ್ಣಾರೆ ಕಂಡ ಮೇಲೆ ನಾನು ಗಾಡಿ ಓಡಿಸುವ ರೀತಿಯೇ ಬದಲಾಯಿತು. ಆಯಿಲ್‌ಗೆ 180ರಿಂದ 220 ಡಿಗ್ರಿ ಫ್ಯಾರನ್‌ಹೀಟ್ ಒಳ್ಳೆಯ ವ್ಯಾಪ್ತಿ. ಹೆಡ್ಡಿನ ಬಿಸಿ 400 ಡಿಗ್ರಿಯ ಮೇಲೆ ನಿಂತರೆ ಆಕ್ಸಿಲರೇಟರ್ ಬಿಡುವುದೆಂದು ನಾನು ನಿಯಮ ಇಟ್ಟುಕೊಂಡಿದ್ದೇನೆ.

ಆಯಿಲ್ ಪ್ರೆಷರ್‌ಗೆ ತಾಮ್ರದ ನಳಿಗೆಯ ಮೆಕ್ಯಾನಿಕಲ್ ಗೇಜ್ ನಿಖರವಾದದ್ದೇ. ಆದರೆ ಎಂಜಿನ್ ಹಿಂದಿರುವ ಗಾಡಿಯಲ್ಲಿ ಬಿಸಿ ಆಯಿಲ್ ತುಂಬಿದ ಸಣ್ಣ ನಳಿಗೆಯನ್ನು ಚಾಲಕನ ಮೊಣಕಾಲಿನವರೆಗೆ ಎಳೆದು ತರುವುದು ನನಗೆ ಒಪ್ಪಿಗೆಯಾಗಲಿಲ್ಲ. ವಿದ್ಯುತ್ ಗೇಜ್ ತೆಗೆದುಕೊಳ್ಳುವಾಗ ಗೇಜ್ ಮತ್ತು ಸೆಂಡರ್ (ಎಂಜಿನ್ ಕಡೆ ಕೂತು ಗೇಜಿಗೆ ಅಳತೆ ಕಳಿಸುವ ಭಾಗ) ಒಂದೇ ಓಮ್ ಅಳತೆಗೆ, ಅಂದರೆ ವಿದ್ಯುತ್ ಪ್ರತಿರೋಧದ ಒಂದೇ ವ್ಯಾಪ್ತಿಗೆ, ಹೊಂದಿಕೊಂಡಿರಬೇಕು. ಪ್ರೆಷರ್ ಹೆಚ್ಚಿದಂತೆ ವಿಡಿಒ ಕಂಪನಿಯ ಸೆಂಡರ್ 10ರಿಂದ 180 ಓಮ್‌ಗೆ ಏರುತ್ತದೆ. ಹಲವು ಅಮೆರಿಕನ್ ಸೆಂಡರ್‌ಗಳು 240ರಿಂದ 33 ಓಮ್‌ಗೆ ಇಳಿಯುತ್ತವೆ. ಒಂದರ ಸೆಂಡರನ್ನು ಇನ್ನೊಂದರ ಗೇಜಿಗೆ ಜೋಡಿಸಿದರೆ ಮುಳ್ಳು ಆಡುತ್ತದೆ, ಆದರೆ ಅದು ಹೇಳುವುದೆಲ್ಲ ಸುಳ್ಳು. ನಾನು ಎರಡನ್ನೂ ವಿಡಿಒದಿಂದಲೇ ತೆಗೆದುಕೊಂಡೆ.

ಸೆಂಡರ್ ಕೂರಿಸುವ ಜಾಗಕ್ಕೆ ನಾನು ಗೇಜಿನ ಮುಖಕ್ಕಿಂತ ಹೆಚ್ಚು ಗಮನ ಕೊಟ್ಟೆ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಪಕ್ಕದಲ್ಲಿರುವ, ಆಯಿಲ್ ಎಚ್ಚರಿಕೆ ದೀಪದ ಸ್ವಿಚ್ಚಿನ ರಂಧ್ರವೇ ಪ್ರೆಷರ್ ತೆಗೆಯುವ ಜಾಗ. ಅಲ್ಲಿಗೇ ಅಡಾಪ್ಟರ್ ಮೂಲಕ ಭಾರವಾದ ಸೆಂಡರನ್ನು ತೂಗುಹಾಕಿದರೆ ಅದುರಾಟಕ್ಕೆ ಅಡಾಪ್ಟರ್ ಬಿರುಕು ಬಿಡಬಹುದು. ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್‌ನ ಹೊರಕವಚ, ಮೆಗ್ನೀಸಿಯಂ ಮಿಶ್ರಲೋಹದ್ದು, ಥ್ರೆಡ್ ಶಂಕುವಿನಾಕಾರದ್ದು. ಬಲ ಹಾಕಿ ತಿರುಗಿಸಿದಷ್ಟೂ ಕೇಸಿಗೇ ಅಪಾಯ. ಆದುದರಿಂದ ಅಲ್ಲಿಂದ ಲೋಹದ ಹೆಣಿಗೆಯಿರುವ ಸಣ್ಣ ಹೋಸ್ ತಂದು, ಪಕ್ಕದ ಕಬ್ಬಿಣದ ಬ್ರಾಕೆಟ್ಟಿನ ಮೇಲೆ ಮೂರು ಬಾಯಿಯ ‘T’ ಆಕಾರದ ಜೋಡಣೆ ಕೂರಿಸಿ, ಅದರ ಒಂದು ಬಾಯಿಗೆ ಸೆಂಡರನ್ನೂ ಇನ್ನೊಂದಕ್ಕೆ ಎಚ್ಚರಿಕೆ ದೀಪದ ಸ್ವಿಚ್ಚನ್ನೂ ಹಾಕಿದೆ. ಸೆಂಡರಿಗೆ ಅರ್ಥ್ ಸಿಗುವುದು ಅದರ ಮೈಯಿಂದಲೇ. ಹೀಗೆ ದೂರ ಸರಿಸಿದಾಗ ಬ್ರಾಕೆಟ್ಟಿನಿಂದ ಎಂಜಿನ್‌ಗೆ ಬೇರೆಯೇ ಅರ್ಥ್ ವೈರ್ ಎಳೆಯಬೇಕು, ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಬಾರದು.

ದೀಪವನ್ನು ತೆಗೆಯದೆ ಇದ್ದುದಕ್ಕೆ ಬಲವಾದ ಕಾರಣವಿದೆ. ಕಡಿದಾದ ದಿಬ್ಬ ಹತ್ತುವಾಗ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಆಯಿಲ್ ಹಿಂದಕ್ಕೆ ಸರಿದು, ಅದನ್ನು ಹೀರುವ ಕೊಳವೆಯ ಬಾಯಿ ಕ್ಷಣಕಾಲ ಗಾಳಿಗೆ ತೆರೆದುಕೊಳ್ಳಬಹುದು. ಆ ಹೊತ್ತಿನಲ್ಲಿ ಚಾಲಕನ ಕಣ್ಣು ದಿಬ್ಬದ ನೆತ್ತಿಯ ಮೇಲಿರುತ್ತದೆ, ಮುಳ್ಳಿನ ಮೇಲಲ್ಲ. ಕಂಪನಿಯ ಸ್ವಿಚ್ ಪ್ರೆಷರ್ ಬಹುತೇಕ ಸೊನ್ನೆಗೆ ಬಂದ ಮೇಲಷ್ಟೇ ದೀಪ ಹೊತ್ತಿಸುತ್ತದೆ. ನಾನು 20 ಪಿಎಸ್ಐಗೆ (ಪಿಎಸ್ಐ ಎಂದರೆ ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಹೊತ್ತುವ ಸ್ವಿಚ್ ಹಾಕಿ, ಸ್ಟೀರಿಂಗಿನ ನೇರಕ್ಕೆ ದೊಡ್ಡ ಕೆಂಪು ದೀಪ ಇಟ್ಟೆ. ಬಿಸಿ ಎಂಜಿನ್ ಐಡಲ್‌ನಲ್ಲಿ ನಿಂತಾಗ ಅದು ಹೊತ್ತುವುದು ಸಹಜ. ಸಾವಿರ ಆರ್‌ಪಿಎಂಗೆ 10 ಪಿಎಸ್ಐ ಎಂಬ ಹಳೆಯ ಮೆಕ್ಯಾನಿಕ್‌ಗಳ ಲೆಕ್ಕ ಈ ಎಂಜಿನ್‌ಗೆ ಚೆನ್ನಾಗಿ ಒಪ್ಪುತ್ತದೆ.

ಹೆಡ್ಡಿನ ಸೆನ್ಸರ್ ಎಂದರೆ ಸ್ಪಾರ್ಕ್ ಪ್ಲಗ್ಗಿನ ವಾಷರ್ ಬದಲಿಗೆ ಕೂರುವ ಒಂದು ಉಂಗುರ. ಅದನ್ನು 3ನೆಯ ಸಿಲಿಂಡರಿಗೇ ಹಾಕಿದೆ. 1971ಕ್ಕಿಂತ ಹಿಂದಿನ ಮಾದರಿಗಳಲ್ಲಿ ಆಯಿಲ್ ಕೂಲರ್ ಫ್ಯಾನಿನ ಗೂಡಿನೊಳಗೆ ನಿಂತು ಆ ಸಿಲಿಂಡರಿಗೆ ಹೋಗುವ ಗಾಳಿಯನ್ನು ತಡೆಯುವುದರಿಂದ, ಮೊದಲು ಬಿಸಿಯೇರುವುದು ಅದೇ. ಈ ಸೆನ್ಸರ್ ಥರ್ಮೋಕಪಲ್, ಅಂದರೆ ಎರಡು ಬೇರೆ ಲೋಹಗಳ ಜೋಡಿಯಿಂದ ಬಿಸಿ ಅಳೆಯುವಂಥದ್ದು; ಅದರ ವೈರನ್ನು ಕತ್ತರಿಸಬಾರದು, ಸಾಮಾನ್ಯ ತಾಮ್ರದ ವೈರಿನಿಂದ ಉದ್ದ ಮಾಡಲೂಬಾರದು. ಉಳಿದ ಉದ್ದವನ್ನು ಸುರುಳಿ ಸುತ್ತಿ, ಸೈಲೆನ್ಸರ್‌ನಿಂದ ದೂರ ಕಟ್ಟಬೇಕು. ಪ್ಲಗ್ ಕ್ಯಾಪಿನ ರಬ್ಬರು ತಗಡಿನ ರಂಧ್ರವನ್ನು ಮೊದಲಿನಂತೆಯೇ ಮುಚ್ಚುತ್ತಿದೆಯೇ ಎಂದೂ ನೋಡಿದೆ, ಏಕೆಂದರೆ ಅಲ್ಲಿ ಸೋರುವುದು ಹೆಡ್ಡಿಗೆ ಸಲ್ಲಬೇಕಾದ ಗಾಳಿ.

ವೋಲ್ಟ್‌ಮೀಟರನ್ನು ಬ್ಯಾಟರಿಗಾಗಿ ಮಾತ್ರ ಹಾಕಿದ್ದಲ್ಲ. ಈ ಎಂಜಿನ್‌ನಲ್ಲಿ ಡೈನಮೋ ಮತ್ತು ಫ್ಯಾನ್ ಒಂದೇ ಅಕ್ಷದ ಮೇಲಿವೆ, ಎರಡನ್ನೂ ತಿರುಗಿಸುವುದು ಒಂದೇ ಬೆಲ್ಟ್. ಓಡುವಾಗ 14 ವೋಲ್ಟ್ ಸುತ್ತ ಇರಬೇಕಾದ ಮುಳ್ಳು 12ರ ಕಡೆ ಬಿದ್ದರೆ, ಬೆಲ್ಟ್ ಹೋಗಿರಬಹುದು, ಅಂದರೆ ಗಾಳಿಯೂ ನಿಂತಿರಬಹುದು. ತಕ್ಷಣ ಎಂಜಿನ್ ಆಫ್ ಮಾಡಬೇಕು. ಆರ್‌ಪಿಎಂ ಮೀಟರಿನ ಕೆಲಸ ಸುಲಭವಾಗಿ ಮುಗಿಯಿತು: ಇಗ್ನಿಷನ್ ಕಾಯಿಲಿನ ನೆಗೆಟಿವ್ ತುದಿಯಿಂದ ಒಂದು ವೈರ್, ಹಿಂಬದಿಯಲ್ಲಿ ನಾಲ್ಕು ಸಿಲಿಂಡರಿನ ಸೆಟ್ಟಿಂಗ್.

ಫೈಬರ್‌ಗ್ಲಾಸ್ ಡ್ಯಾಶ್‌ಬೋರ್ಡ್ ವಿದ್ಯುತ್ತನ್ನು ಹರಿಸದು. ಹಾಗಾಗಿ ಗೇಜ್‌ಗಳ ಅರ್ಥ್‌ಗಳನ್ನೆಲ್ಲ ಒಂದು ಕಂಬಿಗೆ ಸೇರಿಸಿ, ಅಲ್ಲಿಂದ ದಪ್ಪ ವೈರನ್ನು ತಳದ ಲೋಹಕ್ಕೆ ಬಿಗಿದೆ. ಬಗ್ಗಿಗಳಲ್ಲಿ ಕುಣಿಯುವ ಮುಳ್ಳುಗಳಿಗೆ ಹೆಚ್ಚಾಗಿ ಈ ಅರ್ಥ್ ಕೊರತೆಯೇ ಕಾರಣ. ರಂಧ್ರ ಕೊರೆಯುವಾಗ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, 52 ಮಿಲಿಮೀಟರ್ ಹೋಲ್ ಸಾ (ದುಂಡು ರಂಧ್ರ ಕೊರೆಯುವ ಗರಗಸ) ಹಿಡಿದು, ಹೊಳಪಿನ ಪದರ ದಾಟುವವರೆಗೆ ಡ್ರಿಲ್ಲನ್ನು ಉಲ್ಟಾ ತಿರುಗಿಸಿದರೆ ಅಂಚು ಚಕ್ಕೆ ಏಳುವುದಿಲ್ಲ. ಗಾಜಿನ ನಾರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು. ಬಿಗಿಯುವ ಮೊದಲು ಪ್ರತಿ ಗೇಜನ್ನೂ ತುಸು ತಿರುಗಿಸಿ, ಎಲ್ಲವೂ ಸರಿಯಿದ್ದಾಗ ಮುಳ್ಳು ನೇರ ಮೇಲಕ್ಕೆ ನಿಲ್ಲುವಂತೆ ಮಾಡಿದೆ. ರೇಸಿನವರ ಈ ಪದ್ಧತಿಯಿಂದ ಅಂಕಿ ಓದದೆಯೇ ವಾರೆಯಾದ ಮುಳ್ಳು ಕಣ್ಣಿಗೆ ಬೀಳುತ್ತದೆ.

ಕೊನೆಗೆ ಪರೀಕ್ಷೆ. ಪ್ರೆಷರ್ ಸೆಂಡರಿನ ವೈರನ್ನು ಕಳಚಿ ಅರ್ಥ್‌ಗೆ ಮುಟ್ಟಿಸಿದಾಗ ವಿಡಿಒ ಮುಳ್ಳು ಸೊನ್ನೆಯ ತುದಿಗೂ, ಬಿಟ್ಟಾಗ ಮೇಲಿನ ತುದಿಗೂ ಹೋಗಬೇಕು. ಬಿಸಿಯ ಗೇಜಿನಲ್ಲಿ ಇದು ತಿರುವುಮುರುವು. ಆಯಿಲ್ ಬಿಸಿಯ ಸೆಂಡರನ್ನು ಸಂಪಿಗೆ ಹಾಕುವ ಮೊದಲೇ, ಮೈಗೊಂದು ಅರ್ಥ್ ವೈರ್ ಕಟ್ಟಿ ಕುದಿಯುವ ನೀರಿನಲ್ಲಿ ಅದರ ತುದಿಯನ್ನು ಅದ್ದಿದೆ. ಸಮುದ್ರಮಟ್ಟಕ್ಕೆ ಹತ್ತಿರವಿರುವ ನಮ್ಮೂರಲ್ಲಿ ನೀರು 212 ಡಿಗ್ರಿ ಫ್ಯಾರನ್‌ಹೀಟ್‌ಗೆ ಕುದಿಯುತ್ತದೆ. ಮುಳ್ಳು ಎಲ್ಲಿ ನಿಂತಿತೋ ಆ ಜಾಗದಲ್ಲಿ ಗಾಜಿನ ಮೇಲೆ ಬಣ್ಣದ ಗೆರೆ ಎಳೆದುಕೊಂಡೆ.