ಕತ್ತರಿ ಹಾಕುವ ಮೊದಲು ಅಂಚು ನೋಡಿ

ಹೊಲಿಗೆ ಕಲಿಯುವ ಹುರುಪಿನಲ್ಲಿ ನಾನು ಮೊದಲು ಹೊಲಿದದ್ದು ದಿಂಬಿನ ಕವರ್. ಬಟ್ಟೆಯ ಬದಿ ಹೇಗೂ ಗಟ್ಟಿಯಾಗಿದೆ, ಎಳೆ ಬಿಚ್ಚುವುದಿಲ್ಲ, ಅದನ್ನೇ ಹೊಲಿಗೆಗೆ ಸೇರಿಸಿದರೆ ಕೆಲಸ ಉಳಿಯಿತು ಅಲ್ವಾ ಅಂದುಕೊಂಡೆ. ಮೊದಲ ಒಗೆತಕ್ಕೇ ಆ ಬದಿ ಮುದುಡಿ ಸೊಟ್ಟಗಾಯಿತು. ಎಷ್ಟು ಇಸ್ತ್ರಿ ತಿಕ್ಕಿದರೂ ನೆಟ್ಟಗಾಗಲಿಲ್ಲ.

ನಮ್ಮ ‘ಅಂಚು’ ತುಂಬಾ ಧಾರಾಳಿ ಪದ. ಕಣ್ಣಂಚು, ಕಾಡಂಚು, ಸೀರೆಯಂಚು ಎಲ್ಲಕ್ಕೂ ಒಂದೇ. ಕತ್ತರಿಸಿದ ಬದಿಯೂ ಅಂಚು, ಮಡಚಿ ಹೊಲಿದದ್ದೂ ಅಂಚು. ಇಲ್ಲಿ ಹೇಳುತ್ತಿರುವುದು ಮಗ್ಗದಲ್ಲೇ ಮುಗಿದು ಬರುವ ಅಂಚು. ಇಂಗ್ಲಿಷಿನವರು ಇದನ್ನು ಸೆಲ್ವೆಜ್ ಅನ್ನುತ್ತಾರೆ. ಬಿಡಿಸಿದರೆ ಸೆಲ್ಫ್ ಎಡ್ಜ್, ತಾನೇ ಆದ ಅಂಚು.

ಅದು ತಾನೇ ಆಗುವುದು ಹೇಗೆ? ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು, ಅಡ್ಡ ಓಡುವುದು ಹೊಕ್ಕು. ಹೊಕ್ಕಿನ ನೂಲು ಹೊತ್ತು ಓಡುವ ಲಾಳಿ ಒಂದು ಬದಿಗೆ ಹೋಗಿ, ಕೊನೆಯ ಹಾಸಿನ ಎಳೆಯನ್ನು ಬಳಸಿಕೊಂಡು ವಾಪಸ್ ಬರುತ್ತದೆ. ನೂಲು ತುಂಡಾಗುವುದೇ ಇಲ್ಲ, ಹಾಗಾಗಿ ಬಿಚ್ಚುವುದೂ ಇಲ್ಲ. ಲಾಳಿ ಇಲ್ಲದ ಈಗಿನ ಮಗ್ಗಗಳಲ್ಲಿ ಹೊಕ್ಕು ಪ್ರತಿ ಸಲ ತುಂಡಾಗುತ್ತದೆ. ಅಂಥ ಬಟ್ಟೆಯ ಬದಿಯಲ್ಲಿ ರೆಪ್ಪೆಗೂದಲಿನ ಹಾಗೆ ಎಳೆಗಳು ಕಾಣುತ್ತವೆ. ಬಿಚ್ಚದಿರಲಿ ಎಂದು ಅಲ್ಲಿ ಬೇರೆ ನೂಲು ಹೆಣೆದಿರುತ್ತಾರೆ, ಇಲ್ಲವೇ ತುದಿಯನ್ನು ಒಳಕ್ಕೆ ಮಡಚಿ ನೇಯ್ದಿರುತ್ತಾರೆ.

ಮೊದಲು ಬಟ್ಟೆಯ ಎರಡೂ ಬದಿ ಬೆರಳಲ್ಲಿ ಸವರಿ. ಅಂಚು ಉಳಿದ ಬಟ್ಟೆಗಿಂತ ಬಿಗಿಯಾಗಿರುತ್ತದೆ. ಸಣ್ಣ ತೂತುಗಳ ಸಾಲು ಕಂಡರೆ ಗಾಬರಿ ಬೇಡ, ಬಟ್ಟೆಯನ್ನು ಅಗಲಕ್ಕೆ ಎಳೆದು ಒಣಗಿಸುವ ಯಂತ್ರದ ಮುಳ್ಳು ಚುಚ್ಚಿದ ಗುರುತು ಅದು. ಪ್ರಿಂಟ್ ಬಟ್ಟೆಯ ಅಂಚಿನಲ್ಲಿ ಹಲವು ಸಲ ಬಣ್ಣದ ಚುಕ್ಕಿಗಳೂ ಇರುತ್ತವೆ, ಒಂದೊಂದು ಬಣ್ಣಕ್ಕೆ ಒಂದೊಂದು. ಹೊಂದುವ ದಾರ ಹುಡುಕಲು ಆ ಚೂರು ಸಾಕು, ಇಡೀ ಬಟ್ಟೆ ಹೊತ್ತು ತಿರುಗಬೇಕಿಲ್ಲ.

ಆಮೇಲೆ ಬಟ್ಟೆ ನೆನೆಸಿ ಒಣಗಿಸಿ. ಹತ್ತಿಯದ್ದಾದರೆ ಇದನ್ನು ತಪ್ಪಿಸಲೇಬೇಡಿ. ಕುಗ್ಗುವುದೆಲ್ಲ ಈಗಲೇ ಕುಗ್ಗಲಿ. ಅಂಚು ಬಿಗಿದುಕೊಂಡು ಬಟ್ಟೆ ಸಪಾಟಾಗಿ ಕೂರದಿದ್ದರೆ, ನಾಲ್ಕೈದು ಸೆಂಟಿಮೀಟರಿಗೆ ಒಂದರಂತೆ ಅಂಚಿಗೆ ಮಾತ್ರ ಸಣ್ಣ ಕಚ್ಚು ಹಾಕಿ.

ಇನ್ನು ಮುಖ್ಯ ಕೆಲಸ. ಅಂಚು ಯಾವ ಕಡೆಗೆ ಓಡುತ್ತದೋ ಹಾಸಿನ ಎಳೆಯೂ ಆ ಕಡೆಗೇ. ಹಾಸು ಜಾಸ್ತಿ ಹಿಗ್ಗುವುದಿಲ್ಲ, ಹೊಕ್ಕು ಸ್ವಲ್ಪ ಹಿಗ್ಗುತ್ತದೆ, ಕ್ರಾಸ್‌ನಲ್ಲಿ, ಅಂದರೆ ಓರೆಯಾಗಿ, ಎಳೆದರೆ ಬಟ್ಟೆ ಚೆನ್ನಾಗಿ ಹಿಗ್ಗುತ್ತದೆ. ಅದಕ್ಕೇ ಪ್ಯಾಂಟಿನ ಕಾಲನ್ನು ಅಂಚಿನ ಉದ್ದಕ್ಕೆ ಇಟ್ಟು ಕತ್ತರಿಸುವುದು. ಪೇಪರ್ ಪ್ಯಾಟರ್ನಿನ, ಅಂದರೆ ಬಟ್ಟೆ ಕತ್ತರಿಸಲು ಅಳತೆಗೆ ಇಡುವ ಕಾಗದದ, ಮೇಲೆ ಉದ್ದ ಬಾಣದ ಗುರುತು ಇರುತ್ತದೆ. ಬಾಣದ ತಲೆಯಿಂದ ಅಂಚಿಗೆ ಟೇಪ್ ಹಿಡಿಯಿರಿ, 12 ಸೆಂಟಿಮೀಟರ್ ಬಂತು ಅನ್ನಿ. ಬಾಲದಿಂದಲೂ 12 ಬರಬೇಕು. ಹನ್ನೆರಡೂವರೆ ಬಂದರೆ ಪೇಪರ್ ಸರಿಸಿ ಮತ್ತೆ ಅಳೆಯಿರಿ. ಅರ್ಧ ಸೆಂಟಿಮೀಟರ್ ತಾನೇ ಅಂತ ಸುಮ್ನೆ ಬಿಟ್ಟರೆ, ಒಗೆದ ಮೇಲೆ ಕಾಲು ತಿರುಚಿಕೊಂಡು ಪಕ್ಕದ ಹೊಲಿಗೆ ಮುಂದಕ್ಕೆ ಬಂದು ಕೂರಬಹುದು.

ಪ್ಯಾಟರ್ನ್ ತುಂಡುಗಳನ್ನೆಲ್ಲ ಅಂಚಿನಿಂದ ಒಳಗೇ ಇಡಿ. ನನ್ನ ದಿಂಬಿನ ಕವರ್ ಮುದುಡಿದ್ದು ಹೀಗೆ ಮಾಡದ್ದಕ್ಕೇ. ಮಿಕ್ಕ ಅಂಚಿನ ಪಟ್ಟಿಯನ್ನು ಬಿಸಾಡಬೇಡಿ. ಭುಜದ ಹೊಲಿಗೆಯೊಳಗೆ ಇಟ್ಟು ಹೊಲಿದರೆ ಭುಜ ಜೋಲುವುದಿಲ್ಲ. ಅಂಚನ್ನೇ ಮೆರೆಸುವುದೂ ಉಂಟು. ಲಾಳಿಯ ಕಿರಿದಾದ ಮಗ್ಗದಲ್ಲಿ ನೇಯ್ದ ಡೆನಿಮ್‌ನ ಜೀನ್ಸನ್ನು ಕೆಳಗೆ ಮಡಚಿ ಹಾಕುವವರು ತೋರಿಸುವುದು ಆ ಅಂಚಿನ ಬಣ್ಣದ ಗೆರೆಯನ್ನೇ.  

ಅಂಚೇ ಇಲ್ಲದ ತುಂಡು ಬಟ್ಟೆ ಸಿಕ್ಕಿತೇ? ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎಳೆಯಿರಿ. ಸಾಮಾನ್ಯವಾಗಿ ಕಡಿಮೆ ಹಿಗ್ಗುವುದೇ ಹಾಸಿನ ದಿಕ್ಕು. ಆ ದಿಕ್ಕಿನ ಒಂದು ಎಳೆಯನ್ನು ಸೂಜಿಮೊನೆಯಿಂದ ಎತ್ತಿ ಮೆಲ್ಲಗೆ ಎಳೆದು ತೆಗೆಯಿರಿ. ಅದು ಬಿಟ್ಟುಹೋದ ಜಾಗದಲ್ಲಿ ಸಣ್ಣ ಗೆರೆ ಮೂಡುತ್ತದೆ. ಅಂಚಿನ ಬದಲು ಆ ಗೆರೆಯಿಂದಲೇ ಅಳೆದುಕೊಳ್ಳಿ.