ಕೊಪ್ಪಳದಿಂದ ಗೋಕರ್ಣಕ್ಕೆ, ಅವ್ವನ ಜೊತೆ

ಮುನಿರಾಬಾದಿನ ಡ್ಯಾಂ ಮೇಲೆ ನಿಂತಾಗ ಅವ್ವ ಒಂದು ಮಾತು ಹೇಳಿದಳು. "ಇದರ ಆಚೆ ದಂಡೆ ಕಾಣ್ತದ. ದಂಡೆ ಕಾಣದಂಥ ನೀರು ಒಮ್ಮೆ ನೋಡಬೇಕು." ಆಗ ಅವಳಿಗೆ 63 ವರ್ಷ. ಅದಕ್ಕೇ ಗೋಕರ್ಣಕ್ಕೆ ಹೊರಟೆವು. ನಮ್ಮ ಕಡೆಯಿಂದ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಊರುಗಳ ಪಟ್ಟಿ ಕತ್ತರಿಸಿ. ಅದಕ್ಕೂ ಹಿಂದೆ ಒಮ್ಮೆ ನಾನು ಗೆಳೆಯರೊಂದಿಗೆ ಎರಡೇ ದಿನದಲ್ಲಿ ಜೋಗ, ಮುರ್ಡೇಶ್ವರ, ಗೋಕರ್ಣ, ಯಾಣ ಎಲ್ಲಾ ಮುಗಿಸಿ ಬಂದಿದ್ದೆ. ಸಮುದ್ರದ ಮುಂದೆ ನಿಂತದ್ದು ಇಪ್ಪತ್ತು ನಿಮಿಷ. ಉಳಿದದ್ದೆಲ್ಲ ಗಾಡಿಯ ಕಿಟಕಿ. ಅವ್ವನಿಗೆ ಹಾಗಾಗಬಾರದು ಅನ್ನಿಸಿತು. ಒಂದೇ ಊರು, ಒಂದೇ ರೂಮು, ಎರಡು ರಾತ್ರಿ. ಇಷ್ಟು ಗಟ್ಟಿ ಮಾಡಿಕೊಂಡರೆ ಉಳಿದದ್ದು ಸಲೀಸು.

ದೂರ ಸುಮಾರು 280 ಕಿಲೋಮೀಟರ್. ಹುಬ್ಬಳ್ಳಿವರೆಗೆ ರೈಲು ಇದೆ. ಅಲ್ಲಿಂದ ಗೋಕರ್ಣದ ಹತ್ತಿರದ ಅಂಕೋಲಾಕ್ಕೆ ರೈಲಿಲ್ಲ. ಬಸ್ಸು ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುತ್ತದೆ. ಈ ಘಾಟ್ ಹಗಲಲ್ಲೇ ಇಳಿಯುವಂತೆ ಟೈಮ್ ನೋಡಿಕೊಳ್ಳಿ. ಬಯಲು ಸೀಮೆಯ ನಮಗೆ ಆ ಕಾಡೇ ಅರ್ಧ ಪ್ರವಾಸ. ತಿರುವುಗಳಲ್ಲಿ ವಾಂತಿ ಬರುವವರಿಗೆ ಮುಂದಿನ ಸೀಟು ಹಿಡಿಯಿರಿ, ಹೊಟ್ಟೆ ತುಂಬ ಉಣ್ಣಿಸಬೇಡಿ.

ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಶಿವರಾತ್ರಿಗೆ ಮಹಾರಥ ಎಳೆಯುತ್ತಾರೆ, ಜನ ಜಾಸ್ತಿ. ತೇರು ನೋಡುವ ಆಸೆ ಇಲ್ಲದಿದ್ದರೆ ಆ ವಾರ ಬೇಡ. ಜೂನ್‌ನಿಂದ ಮಳೆಗಾಲ, ಕಡಲು ಒರಟು. ಇನ್ನೊಂದು ಮಾತು. ನಮ್ಮಲ್ಲಿ ಬೆವರು ಬಂದ ಹಾಗೇ ಆರುತ್ತದೆ, ಅಲ್ಲಿ ಆರುವುದಿಲ್ಲ. ಹತ್ತಿ ಬಟ್ಟೆ ಒಂದೆರಡು ಜೊತೆ ಜಾಸ್ತಿ ಇರಲಿ. ಖಟಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ಅನ್ನ ಒಗ್ಗದ ಹಿರಿಯರಿಗೆ ಅದೇ ಆಸರೆ. ಆದರೆ ಬಿಚ್ಚಿಟ್ಟ ರೊಟ್ಟಿ ಆ ಗಾಳಿಗೆ ಬೇಗ ಮೆತ್ತಗಾಗುತ್ತದೆ, ಗಟ್ಟಿ ಮುಚ್ಚಳದ ಡಬ್ಬಿ ಬೇಕು.

ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಹೋಗಿ. ಗಂಡಸರು ಪಂಚೆ ಉಟ್ಟು, ಅಂಗಿ ತೆಗೆದು ಒಳಗೆ ಹೋಗಬೇಕು, ಮನೆಯಿಂದಲೇ ಪಂಚೆ ಒಯ್ಯಿರಿ. ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಗಣಪತಿಯ ತಲೆ ಮೇಲೆ ರಾವಣ ಗುದ್ದಿದ ಗುರುತು ಎನ್ನುವ ತಗ್ಗಿದೆ. ಆತ್ಮಲಿಂಗವನ್ನು ಪೀಠದ ರಂಧ್ರದೊಳಗೆ ಬೆರಳಿಟ್ಟು ಮುಟ್ಟಬೇಕು. ಅವಸರ ಮಾಡಬೇಡಿ, ಹಿರಿಯರು ಇದಕ್ಕಾಗಿಯೇ ಬಂದಿರುತ್ತಾರೆ.

ಸಮುದ್ರಕ್ಕಂತೂ ಬೇಕಾದಷ್ಟು ಸಮಯ ಕೊಡಿ. ಭರತ (ಕಡಲ ನೀರು ಏರುವುದು), ಇಳಿತ ಎಷ್ಟು ಗಂಟೆಗೆ ಅಂತ ಮೊಬೈಲಿನಲ್ಲಿ ನೋಡಿಕೊಳ್ಳಿ, ಇಲ್ಲವೇ ಮೀನುಗಾರರನ್ನು ಕೇಳಿ. ದಿನಕ್ಕೆ ಎರಡೆರಡು ಸಲ ಬರುತ್ತವೆ, ಮರುದಿನ ಸುಮಾರು 50 ನಿಮಿಷ ತಡವಾಗಿ. ಹಿರಿಯರಿಗೆ ಇಳಿತವೇ ಚೆಂದ. ಗಟ್ಟಿ ಹಸಿ ಮರಳು ತೆರೆಯುತ್ತದೆ, ಕಾಲು ಹುಗಿಯುವುದಿಲ್ಲ. ಅವ್ವ ನನ್ನ ಕೈ ಬಿಟ್ಟು ಕುಕ್ಕರಗಾಲಲ್ಲಿ ಕುಳಿತಳು. ಸಣ್ಣ ಸಣ್ಣ ಏಡಿಗಳು ಮರಳಿನಲ್ಲಿದ್ದ ಆಹಾರ ಸೋಸಿ ತಿಂದು, ಉಳಿದ ಮರಳನ್ನು ಗುಂಡು ಗುಂಡು ಉಂಡೆ ಮಾಡಿ ತೂತಿನ ಸುತ್ತ ಇಡುತ್ತಿದ್ದವು. ಒಂದೊಂದು ತೂತಿನ ಸುತ್ತ ರಂಗೋಲಿ ಚುಕ್ಕಿಯ ಹಾಗೆ. ಅಲೆ ಬಂದು ಅಳಿಸುವವರೆಗೂ ಅವಳು ಏಳಲಿಲ್ಲ.

ಊರ ಮುಂದಿನ ದೊಡ್ಡ ಬೀಚು ಹಿರಿಯರಿಗೆ ಸಾಕು. ಓಂ ಬೀಚಿಗೆ ಆಟೋ ಹೋಗುತ್ತದೆ, ಆದರೆ ಕೊನೆಗೆ ಮೆಟ್ಟಿಲು ಇಳಿಯಬೇಕು. ಅದರಾಚೆ ಹಾಫ್ ಮೂನ್, ಪ್ಯಾರಡೈಸ್ ಬೀಚುಗಳಿಗೆ ಗುಡ್ಡ, ಬಂಡೆ ಹತ್ತಿಳಿಯಬೇಕು, ಮೊಣಕಾಲು ನೋವಿನವರಿಗೆ ಬೇಡ. ಈಜು ಬಂದರೂ ಕೆರೆ, ಕಾಲುವೆಯ ಈಜು ಇಲ್ಲಿ ನಡೆಯದು. ಅಲೆ ಒಡೆಯದೆ ಸುಮ್ನೆ ಶಾಂತವಾಗಿ ಕಾಣುವ ಜಾಗದಲ್ಲೇ ನೀರು ಒಳಗೆ ಎಳೆಯುವುದು ಹೆಚ್ಚು. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡದೆ ಪಕ್ಕಕ್ಕೆ, ದಡದ ಉದ್ದಕ್ಕೆ ಸಮಾನಾಂತರವಾಗಿ ಈಜಬೇಕು. ಮಕ್ಕಳಿಗೆ ಮೊಣಕಾಲು ಮಟ್ಟದ ನೀರೇ ಗಡಿ.

ಫೆಬ್ರವರಿ ನಂತರ ಹೋದರೆ ಪಕ್ಕದ ಸಾಣಿಕಟ್ಟಾ ಬಿಡಬೇಡಿ. ಅಲ್ಲಿ ಉಪ್ಪಿನ ಆಗರಗಳಿವೆ. ಉಪ್ಪು ನೀರು ಮಡಿಗಳಲ್ಲಿ ನಿಂತು, ಬಿಸಿಲಿಗೆ ಆರಿ, ಹರಳಾಗುತ್ತದೆ. ನಮ್ಮ ಭತ್ತದ ಮಡಿಗಳ ಹಾಗೇ ಬದು, ನೀರಿನ ದಾರಿ. ಅವ್ವನಿಗೆ ವಿವರಿಸಿ ಹೇಳುವುದೇ ಬೇಕಾಗಲಿಲ್ಲ. ಕೇಳಿ ಒಂದು ಹರಳು ತೆಗೆದುಕೊಂಡು ನಾಲಿಗೆಗಿಟ್ಟಳು. "ಬಿಸಿಲು ನಮ್ಮದೇ, ಬೆಳೆ ಬೇರೆ" ಅಂದಳು.

ವಾಪಸು ಬರುವ ದಿನ ಬೆಳಿಗ್ಗೆಯೇ ಹೊರಡಿ, ಘಾಟ್ ಹಗಲಲ್ಲೇ ಮುಗಿಯಲಿ. ಅವ್ವ ಒಂದು ಹಿಡಿ ಕಲ್ಲುಪ್ಪನ್ನು ಸೆರಗಿಗೆ ಕಟ್ಟಿಕೊಂಡಿದ್ದಳು. ಯಲ್ಲಾಪುರ ಬರುವುದರೊಳಗೆ ಗಂಟು ಒದ್ದೆಯಾಗಿತ್ತು. ರೊಟ್ಟಿ ಖಾಲಿಯಾದ ಡಬ್ಬಿಯಲ್ಲಿ ಹಾಕಿಕೊಳ್ಳಿ.