ಎಲ್ ಬೋರ್ಹೆಯ ಒಣದ್ರಾಕ್ಷಿ ಸುಗ್ಗಿ ನೋಡಲು ಹೋಗುವುದು ಹೇಗೆ?

ಬಾಯಿಗೆ ಹಾಕಿಕೊಂಡ ಮೊದಲ ಹಣ್ಣಿನಲ್ಲೇ ಹಲ್ಲಿಗೆ ಬೀಜ ಸಿಕ್ಕಿತು. ವಿಜಯಪುರದ ತಿಕೋಟಾ ಕಡೆಯ ಮಣೂಕ ತಿಂದು ಬೆಳೆದವಳು ನಾನು, ಒಣದ್ರಾಕ್ಷಿಯೊಳಗೆ ಬೀಜ ಇರಬಹುದು ಎಂದು ಯೋಚಿಸಿಯೇ ಇರಲಿಲ್ಲ. ಎದುರಿಗೆ ಕತ್ತರಿ ಹಿಡಿದು ಕೂತಿದ್ದ ಅಜ್ಜಿ ನಕ್ಕರು. ಉಗುಳಬೇಡ, ಅಗಿ ಎಂದು ದವಡೆ ಆಡಿಸಿ ತೋರಿಸಿದರು. ಅಗಿದೆ. ಮೊದಲು ಜೇನಿನಂಥ ಸಿಹಿ, ಆಮೇಲೆ ಹೂವಿನ ಘಮ, ಕೊನೆಗೆ ಬೀಜದ ಸಣ್ಣ ಒಗರು. ಆ ಒಗರಿನಿಂದಲೇ ಇನ್ನೊಂದಕ್ಕೆ ಕೈ ಹೋಗುತ್ತದೆ.

ಊರಿನ ಹೆಸರು ಎಲ್ ಬೋರ್ಹೆ. ದಕ್ಷಿಣ ಸ್ಪೇನಿನ ಆಂಡಲೂಸಿಯಾದಲ್ಲಿ, ಮಾಲಗಾ ನಗರದ ಪೂರ್ವಕ್ಕೆ ಅಕ್ಸರ್ಕಿಯಾ ಎಂಬ ಗುಡ್ಡಸೀಮೆ ಇದೆ (ಪೂರ್ವ ಎಂಬ ಅರಬ್ಬಿ ಪದವೇ ಸವೆದು ಹೀಗಾಗಿದೆ). ಅದರ ಮಡಿಲಲ್ಲಿ ಸಾವಿರದ ಆಸುಪಾಸು ಜನರಿರುವ, ಸುಣ್ಣ ಬಳಿದ ಮನೆಗಳ ಹಳ್ಳಿ ಇದು. ಇಲ್ಲಿಯ ಮೊಸ್ಕತೆಲ್ ದ್ರಾಕ್ಷಿಯನ್ನು ನೆಲದ ಮೇಲೆ, ಬರೀ ಬಿಸಿಲಲ್ಲಿ ಒಣಗಿಸುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಸೀಮೆಯ ಒಣದ್ರಾಕ್ಷಿ ಕೃಷಿಯನ್ನು 2017ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು.

ಮೊದಲು ತಾರೀಕು, ಆಮೇಲೆ ಟಿಕೆಟ್

ಹೆಚ್ಚಿನವರು ತಪ್ಪುವುದು ಇಲ್ಲೇ. ಸೆಪ್ಟೆಂಬರ್ ಮೂರನೇ ಭಾನುವಾರ ಎಲ್ ಬೋರ್ಹೆಯಲ್ಲಿ ಒಣದ್ರಾಕ್ಷಿ ಹಬ್ಬ ನಡೆಯುತ್ತದೆ. ಅದನ್ನು ಕೇಳಿ ಅದೇ ವಾರಕ್ಕೆ ಟಿಕೆಟ್ ತೆಗೆಸುತ್ತಾರೆ. ಹಬ್ಬ ಚೆನ್ನಾಗಿಯೇ ಇರುತ್ತದೆ. ಹಾಡು, ಕುಣಿತ, ಸಿಹಿ ವೈನು, ಕಾಲಿಡಲು ಜಾಗವಿಲ್ಲದಷ್ಟು ಜನ. ಆದರೆ ಅಷ್ಟು ಹೊತ್ತಿಗೆ ಗುಡ್ಡದ ಮೇಲಿನ ಕೆಲಸ ಬಹುಪಾಲು ಮುಗಿದಿರುತ್ತದೆ. ಜಾತ್ರೆ ಸಿಗುತ್ತದೆ, ಸುಗ್ಗಿ ಸಿಗುವುದಿಲ್ಲ.

ಕೊಯ್ಲು ಶುರುವಾಗುವುದು ಆಗಸ್ಟ್ ನಡುವಿನಲ್ಲಿ. ಕಿತ್ತ ಗೊಂಚಲು ಒಣಗಲು ಬಿಸಿಲು ನೋಡಿಕೊಂಡು ಎರಡು ವಾರ ಬೇಕು, ಕೆಲವೊಮ್ಮೆ ಹೆಚ್ಚು, ಕೆಲವೊಮ್ಮೆ ಕಡಿಮೆ. ಆಗಸ್ಟ್ ಕೊನೆಯ ವಾರ ಹೋದರೆ ಒಂದು ಇಳಿಜಾರಿನಲ್ಲಿ ಹಸಿ ಗೊಂಚಲು, ಇನ್ನೊಂದರಲ್ಲಿ ಅರೆಬಾಡಿದ್ದು, ಮತ್ತೊಂದರಲ್ಲಿ ಕಪ್ಪಾಗಿ ಮುದುಡಿದ್ದು, ಮೂರನ್ನೂ ಒಂದೇ ದಿನ ನೋಡಬಹುದು. ಕೆಲವು ದಿನ ಹೆಚ್ಚಿಗೆ ಉಳಿದರೆ ಪಕ್ಕದ ಅಲ್ಮಾಚಾರ್ ಊರಿನಲ್ಲಿ ಸೆಪ್ಟೆಂಬರ್ ಮೊದಲ ಶನಿವಾರ ನಡೆಯುವ ಅಹೊಬ್ಲಾಂಕೊ (ಬಾದಾಮಿಯ ತಣ್ಣನೆಯ ಸಾರು) ಹಬ್ಬವೂ ಸಿಗುತ್ತದೆ. ನನ್ನ ಮಾತು ಕೇಳುವುದಾದರೆ ಆ ವಾರಕ್ಕೇ ಗುರುತು ಹಾಕಿ.

ಕಾಗದಪತ್ರ

ಭಾರತದಿಂದ ಹೋಗುವವರಿಗೆ ಶೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿಂದ ಅರ್ಜಿ ಹಾಕಬಹುದು. ಆಗಸ್ಟ್ ಎಂದರೆ ಎಲ್ಲರೂ ಹೊರಡುವ ತಿಂಗಳು, ಬೇಸಿಗೆ ರಜೆ ಮುಗಿಯುವ ತನಕ ಕಾಯಬೇಡಿ. ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ. ಕಾರು ಓಡಿಸುವ ಯೋಚನೆ ಇದ್ದರೆ ನಮ್ಮ ಆರ್‌ಟಿಒದಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಟ್ಟುಕೊಳ್ಳಿ.

ಮ್ಯಾಡ್ರಿಡ್‌ನಲ್ಲಿ ಇಳಿದರೆ ಅತೋಚಾ ನಿಲ್ದಾಣದಿಂದ ಮಾಲಗಾಕ್ಕೆ ವೇಗದ ರೈಲಿದೆ, ಮೂರು ಗಂಟೆಯೊಳಗೆ ಬಿಡುತ್ತದೆ. ಮಾಲಗಾ ವಿಮಾನ ನಿಲ್ದಾಣಕ್ಕೇ ಬಂದರೆ ಊರೊಳಗೆ ಹೋಗಲು ಲೋಕಲ್ ರೈಲು ಸಾಕು.

ಗುಡ್ಡ ಹತ್ತುವುದು

ಮಾಲಗಾದಿಂದ ಎಲ್ ಬೋರ್ಹೆಗೆ ಸುಮಾರು 30 ಕಿ.ಮೀ. ಕೇಳಲು ಸಣ್ಣ ದೂರ, ಆದರೆ ಕರಾವಳಿಯ ಹೆದ್ದಾರಿ ಬಿಟ್ಟ ಮೇಲೆ ರಸ್ತೆ ಹಾವಿನ ಹಾಗೆ ಸುತ್ತುತ್ತದೆ. ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಬಸ್ಸು ನಂಬಿ ಹೋದರೆ ಹಳ್ಳಿಗೆ ತಲುಪಬಹುದು, ತೋಟಗಳಿಗೆ ಆಗುವುದಿಲ್ಲ. ಬಾಡಿಗೆ ಕಾರೇ ಸರಿ, ಅದೂ ಸಣ್ಣದು. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು ಎಂಬುದನ್ನು ಮೊದಲ ಎರಡು ತಿರುವಿನಲ್ಲಿ ಬಾಯಲ್ಲಿ ಹೇಳಿಕೊಂಡರೂ ತಪ್ಪಿಲ್ಲ, ನಾನು ಹೇಳಿಕೊಂಡಿದ್ದೆ.

ಕಾರನ್ನು ಊರ ಬಾಗಿಲಲ್ಲೇ ನಿಲ್ಲಿಸಿ ನಡೆದು ಹೋಗಿ. ನಾನು ಜಾಣತನ ಮಾಡಿ ಒಳಗೆ ತಂದೆ. ಓಣಿ ಕಿರಿದಾಗುತ್ತಾ ಹೋಗಿ, ಎರಡೂ ಕಡೆಯ ಕನ್ನಡಿ ಮಡಚಿದರೂ ಮುಂದೆ ಹೋಗಲಾಗಲಿಲ್ಲ. ಹಿಮ್ಮುಖ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಒಬ್ಬ ಹಿರಿಯರು ಮುಂದೆ ನಿಂತು ಕೈ ಆಡಿಸುತ್ತಾ ಹೊರಗೆ ಬಿಡಿಸಿದರು, ಬಾಲ್ಕನಿಗಳಲ್ಲಿ ಪ್ರೇಕ್ಷಕರಿಗೆ ಕೊರತೆ ಇರಲಿಲ್ಲ.

ಇನ್ನೊಂದು ತಪ್ಪು, ತಲುಪಿದ ಹೊತ್ತು. ಮಧ್ಯಾಹ್ನ ಎರಡರಿಂದ ಐದರವರೆಗೆ ಊರು ಮಲಗಿರುತ್ತದೆ. ಅಂಗಡಿ ಬಂದ್, ಬೀದಿ ಖಾಲಿ, ನೆತ್ತಿಯ ಮೇಲೆ ಬೆಂಕಿ. ಬೆಳಿಗ್ಗೆ ಎಂಟಕ್ಕೆ ಅಲ್ಲಿರಿ, ಇಲ್ಲವೇ ಸಂಜೆ ಆರರ ಮೇಲೆ ಹೋಗಿ. ಆಗಸ್ಟ್ ಕೊನೆಗೆ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಸುಮಾರಿಗೆ, ಹಾಗಾಗಿ ಸಂಜೆಗೆ ಬೇಕಾದಷ್ಟು ಬೆಳಕಿರುತ್ತದೆ.

ಪಸೇರೊ ಮುಂದೆ ನಿಂತಾಗ ಏನು ನೋಡಬೇಕು

ದೂರದಿಂದ ನೋಡಿದರೆ ಗುಡ್ಡದ ಇಳಿಜಾರಿನಲ್ಲಿ ಯಾರೋ ಸಾಲಾಗಿ ಹಾಸಿಗೆ ಹಾಸಿದಂತೆ ಕಾಣುತ್ತದೆ. ಅವೇ ಪಸೇರೊ, ಒಣಗಿಸುವ ಮಡಿಗಳು. ಉದ್ದನೆಯ ಆಯತ, ಸುತ್ತ ಗಿಡ್ಡ ಕಟ್ಟೆ, ಮೇಲ್ತುದಿಯಲ್ಲಿ ತ್ರಿಕೋನದ ತಲೆ. ದಕ್ಷಿಣಕ್ಕೆ ಮುಖ ಮಾಡಿರುತ್ತವೆ. ಇಳಿಜಾರಿನಿಂದ ಎರಡು ಲಾಭ: ಬಿಸಿಲು ಹೆಚ್ಚು ನೇರವಾಗಿ ಬೀಳುತ್ತದೆ, ಅಕಸ್ಮಾತ್ ಮಳೆ ಬಂದರೆ ನೀರು ನಿಲ್ಲದೆ ಹರಿದು ಹೋಗುತ್ತದೆ. ಹಗಲೆಲ್ಲ ಕಾದ ನೆಲ ರಾತ್ರಿಯೂ ಕೆಳಗಿನಿಂದ ಶಾಖ ಕೊಡುತ್ತದೆ. ಇಬ್ಬನಿ ತಾಗದಿರಲಿ ಎಂದು ಸಂಜೆಗೆ ಬಟ್ಟೆ ಇಲ್ಲವೇ ತಾಡಪಾಲು ಎಳೆಯುತ್ತಾರೆ, ಬೆಳಿಗ್ಗೆ ಸರಿಸುತ್ತಾರೆ.

ನಮ್ಮ ವಿಜಯಪುರದ ಶೆಡ್ಡಿಗೂ ಇದಕ್ಕೂ ಎಷ್ಟು ವ್ಯತ್ಯಾಸ! ನಾವು ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದುತ್ತೇವೆ, ಸಿಪ್ಪೆಯ ಮೇಣ ಬಿಟ್ಟು ನೀರು ಬೇಗ ಆರಲಿ ಎಂದು. ಆಮೇಲೆ ನೆರಳಲ್ಲಿ, ಜಾಲರಿಯ ಅಂತಸ್ತುಗಳ ಮೇಲೆ. ಹಳದಿ ಬಣ್ಣ ನಿಲ್ಲಲು ಗಂಧಕದ ಹೊಗೆ ಬೇರೆ. ಎಲ್ ಬೋರ್ಹೆಯಲ್ಲಿ ಅದ್ದುವುದೂ ಇಲ್ಲ, ಹೊಗೆಯೂ ಇಲ್ಲ. ಅದಕ್ಕೇ ಹಣ್ಣು ಕಪ್ಪು-ನೇರಳೆಗೆ ತಿರುಗುತ್ತದೆ. ನಿಧಾನ, ಕೈಕೆಲಸವೂ ಹೆಚ್ಚು.

ಆ ಕೈಕೆಲಸವನ್ನು ಹತ್ತಿರದಿಂದ ನೋಡಿ. ಮೇಲ್ಮೈ ಬಾಡಿದ ಮೇಲೆ ಪ್ರತಿ ಗೊಂಚಲನ್ನೂ ಕೈಯಲ್ಲಿ ತಿರುವಿ ಹಾಕಬೇಕು. ನಾನು ನೋಡಿದ ಹೆಂಗಸು ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು, ಮಗುವಿನ ಮಗ್ಗಲು ಬದಲಿಸುವ ಹಾಗೆ ಹೊರಳಿಸುತ್ತಿದ್ದರು. ಒಂದು ಕಾಳು ಒಡೆದರೆ ಅಕ್ಕಪಕ್ಕದ್ದಕ್ಕೂ ಅಂಟು, ಮೇಲೆ ಕಣಜದ ಹುಳು. ತೋಟಗಳೋ, ನಮ್ಮಂತೆ ಚಪ್ಪರದ ಮೇಲಲ್ಲ, ಮೊಣಕಾಲೆತ್ತರದ ಪೊದೆಗಳು, ಟ್ರ್ಯಾಕ್ಟರ್ ಏರಲಾಗದಷ್ಟು ಕಡಿದಾದ ಗುಡ್ಡದಲ್ಲಿ. ಪೆಟ್ಟಿಗೆ ಹೊರಲು ಇವತ್ತಿಗೂ ಹೇಸರಗತ್ತೆಯೇ ಗತಿ. ಮಣ್ಣು ಪದರು ಕಲ್ಲಿನದು, ಕಾಲಿಟ್ಟರೆ ಜಾರುತ್ತದೆ. ಚಪ್ಪಲಿ ಬೇಡ, ಗಟ್ಟಿ ಬೂಟು ಹಾಕಿ.

ಇವೆಲ್ಲ ಖಾಸಗಿ ಜಮೀನು, ಇದು ನೆನಪಿರಲಿ. ರಸ್ತೆ ಪಕ್ಕ ನಿಂತು ‘ಬುಏನಾಸ್’ (ನಮಸ್ಕಾರ) ಅನ್ನಿ. ಕೊನೆಯ ಸಕಾರ ನುಂಗಿ ‘ಬುಏನಾ’ ಎಂದು ಉತ್ತರ ಬರುತ್ತದೆ, ಅದು ಆಂಡಲೂಸಿಯಾದ ಮಾತಿನ ರೀತಿ. ಕೈ ತೋರಿಸಿ ಕರೆದರೆ ಮಾತ್ರ ಒಳಗೆ ಹೋಗಿ, ಮಡಿಯ ಕಟ್ಟೆ ದಾಟಬೇಡಿ.

ಕತ್ತರಿ ಮತ್ತು ಹಳೆಯ ಕಥೆ

ಒಣಗಿದ ಗೊಂಚಲು ಮನೆ ಸೇರಿದ ಮೇಲೆ ‘ಪಿಕಾ’ ಶುರು. ಸಣ್ಣ ಕತ್ತರಿಯಿಂದ ಒಂದೊಂದೇ ಕಾಳನ್ನು ತೊಟ್ಟಿನಿಂದ ಬಿಡಿಸುವ ಕೆಲಸ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹರಟುತ್ತಾ ಮಾಡುತ್ತಾರೆ. ಇದನ್ನು ನೋಡಲು ಸಂಜೆ ಓಣಿಗಳಲ್ಲಿ ಅಡ್ಡಾಡಿದರೆ ಸಾಕು.

ಒಂದು ಕಾಲಕ್ಕೆ ಮಾಲಗಾ ಬಂದರಿನಿಂದ ಶರತ್ಕಾಲದಲ್ಲಿ ಹಡಗುಗಟ್ಟಲೆ ಒಣದ್ರಾಕ್ಷಿ ಯುರೋಪಿಗೂ ಅಮೆರಿಕಕ್ಕೂ ಹೋಗುತ್ತಿತ್ತು. ಆ ಸಾಗಾಟದ ಸೀಸನ್ನಿಗೆ ‘ವೆಂದೇಹಾ’ ಎಂದೇ ಹೆಸರು. 1878ರಲ್ಲಿ ಹತ್ತಿರದ ಮೊಕ್ಲಿನೇಹೊ ಊರಿನ ತೋಟದಲ್ಲಿ ಫಿಲಾಕ್ಸೆರಾ ಎಂಬ, ಬೇರಿನ ರಸ ಹೀರುವ ಕೀಟ ಪತ್ತೆಯಾಯಿತು. ಬಳ್ಳಿಗಳು ಗುಡ್ಡಗುಡ್ಡವೇ ಒಣಗಿದವು, ಎಷ್ಟೋ ಕುಟುಂಬಗಳು ಹಡಗು ಹತ್ತಿದವು. ಆಮೇಲೆ ಕೀಟ ತಡೆಯುವ ಅಮೆರಿಕದ ಬೇರಿಗೆ ಕಸಿ ಕಟ್ಟಿ ಮತ್ತೆ ಬೆಳೆಸಿದರು. ಈ ಕಥೆ ತಿಳಿಯಬೇಕಾದರೆ ಮೂರ್ನಾಲ್ಕು ಕಿ.ಮೀ. ದೂರದ ಅಲ್ಮಾಚಾರ್‌ನಲ್ಲಿ ಹಳೆಯ ಮನೆಯೊಂದರಲ್ಲಿ ಒಣದ್ರಾಕ್ಷಿ ಸಂಗ್ರಹಾಲಯವಿದೆ. ತೆರೆಯುವ ಹೊತ್ತನ್ನು ಪುರಸಭೆಗೆ ಫೋನ್ ಮಾಡಿ ಕೇಳಿಕೊಂಡು ಹೋಗಿ.

ಊಟ

ಸಸ್ಯಾಹಾರಿಗಳಿಗೆ ಇಲ್ಲಿ ಅಹೊಬ್ಲಾಂಕೊ ಇದೆ. ಸಿಪ್ಪೆ ತೆಗೆದ ಬಾದಾಮಿ, ಬೆಳ್ಳುಳ್ಳಿ, ನೆನೆಸಿದ ಬ್ರೆಡ್ಡು, ಆಲಿವ್ ಎಣ್ಣೆ, ವಿನೆಗರ್, ಉಪ್ಪು, ನೀರು ಎಲ್ಲ ರುಬ್ಬಿದ ತಣ್ಣನೆಯ ಬಿಳಿ ಸಾರು. ನೋಡಲು ಮಜ್ಜಿಗೆ, ಮೇಲೆ ತೇಲುವ ಹಸಿ ಮೊಸ್ಕತೆಲ್ ದ್ರಾಕ್ಷಿ. ಮೊದಲ ಗುಟುಕು ಬೆಳ್ಳುಳ್ಳಿಯ ಘಾಟು, ಆಮೇಲೆ ಬಿಸಿಲಿಗೆ ಇದಕ್ಕಿಂತ ಒಳ್ಳೆಯದಿಲ್ಲ ಅನಿಸುತ್ತದೆ. ಉಳಿದದ್ದಕ್ಕೆ ಎಚ್ಚರ: ‘ಮಾಂಸ ಬೇಡ’ ಎಂದರೆ ಸಾಲದು, ಹಂದಿ ತೊಡೆಯ ಹಮೋನ್ ಅನ್ನು ಹಲವರು ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಸಿನ್ ಹಮೋನ್, ಸಿನ್ ಅತೂನ್’ ಎಂದು ಬಿಡಿಸಿ ಹೇಳಿ. ಸಿನ್ ಎಂದರೆ ಇಲ್ಲದೆ. ಅತೂನ್ ಎಂದರೆ ಟ್ಯೂನಾ ಮೀನು, ಸಲಾಡ್‌ನಲ್ಲಿ ಹೇಳದೆ ಕೇಳದೆ ಬಂದು ಕೂತಿರುತ್ತದೆ.

ಕೊಳ್ಳುವಾಗ

ಪೊಟ್ಟಣದ ಮೇಲೆ ‘ಪಾಸಾಸ್ ದೆ ಮಾಲಗಾ’ ಎಂಬ ಮೂಲಸ್ಥಾನದ ಮುದ್ರೆ ನೋಡಿ. 100 ಗ್ರಾಮಿಗೆ ಎಷ್ಟು ಕಾಳು ಎಂಬುದರ ಮೇಲೆ ದರ್ಜೆ, ಕಾಳು ಕಡಿಮೆ ಎಂದರೆ ಗಾತ್ರ ದೊಡ್ಡದು. ಮುಟ್ಟಿದರೆ ನಮ್ಮ ಮಣೂಕಕ್ಕಿಂತ ಮೆತ್ತಗೆ, ತೇವ ಹೆಚ್ಚು. ಗೊಂಚಲಿನ ಸಮೇತ ಒಣಗಿಸಿದ್ದೂ ಸಿಗುತ್ತದೆ, ಉಡುಗೊರೆಗೆ ಅದು ಚೆಂದ. ಹತ್ತಿರದ ದೊಡ್ಡ ಊರು ವೆಲೆಸ್-ಮಾಲಗಾದಲ್ಲೂ ಸಿಗಬಹುದು, ಆದರೆ ಬಿಸಿಲಲ್ಲಿ ನಿಂತು ತಿರುವಿದವರ ಮನೆಯಲ್ಲೇ ಕೊಳ್ಳುವುದು ನ್ಯಾಯ ಅಂತ ನನಗೆ ಅನಿಸುತ್ತದೆ.

ಕೊಂಡದ್ದನ್ನು ಕಾರಿನಲ್ಲಿಟ್ಟು ತಕ್ಷಣ ಹೊರಡಬೇಡಿ. ಎಂಟೂವರೆಯ ಹೊತ್ತಿಗೆ ಮತ್ತೆ ಪಸೇರೊ ಕಡೆ ಹೋಗಿ, ಹೊದಿಕೆ ಎಳೆಯುವ ಹೊತ್ತು ಅದು. ಇಳಿಜಾರಿನ ಬಟ್ಟೆ ಗಾಳಿಗೆ ಹಾರದಂತೆ ಎಳೆಯಲು ಇಬ್ಬರು ಬೇಕು, ಮನೆಯಲ್ಲಿ ಮಾತ್ರ ಬಹಳ ಸಲ ಒಬ್ಬರೇ ಇರುತ್ತಾರೆ. ಕರೆದರೆ ಒಂದು ತುದಿ ಹಿಡಿಯಿರಿ.